ಸೋಮವಾರ ಸೋತವನು ಮಂಗಳವಾರ ಹೆಂಗೆ ಆಡ್ದ? ಸಿಂಗಲ್ಸ್ ಡ್ರಾ ಒಳಗಿನ ಲೆಕ್ಕ

ಪ್ರಶ್ನೆ: ಸಾರ್, ನಮ್ದು ಹೊಸೂರು ಪಕ್ಕ ಬಾಗಲೂರು, ಗುಲಾಬಿ ತೋಟ ಇದೆ. ಮಗನಿಗೆ ಹನ್ನೆರಡು ವರ್ಷ, ಟೆನಿಸ್ ಹುಚ್ಚು. ಕಬ್ಬನ್ ಪಾರ್ಕಲ್ಲಿ ಬೆಂಗಳೂರು ಓಪನ್ ಚಾಲೆಂಜರ್ ನೋಡಕ್ಕೆ ಕರ್ಕೊಂಡು ಹೋಗಿದ್ದೆ. ಸೋಮವಾರ ಕ್ವಾಲಿಫೈಯಿಂಗಲ್ಲಿ ನಮ್ಮ ಕಣ್ಣೆದುರಿಗೇ ಸೋತು ಬ್ಯಾಗ್ ಎತ್ಕೊಂಡು ಹೋದ ಆಟಗಾರ ಮಂಗಳವಾರ ನೋಡಿದ್ರೆ ಮೆಯಿನ್ ಡ್ರಾದಲ್ಲಿ ಆಡ್ತಾ ಇದ್ದಾನೆ! ಮಗ ಕೇಳ್ದ, ನಂಗೆ ಹೇಳಕ್ಕೆ ಗೊತ್ತಾಗ್ಲಿಲ್ಲ. ಇದೇನು ಶಿಫಾರಸ್ಸಾ? ಹೆಸರುಗಳ ಪಕ್ಕ ಕ್ಯೂ, ಡಬ್ಲ್ಯೂಸಿ, ಎಲ್‌ಎಲ್, ಪಿಆರ್ ಅಂತೆಲ್ಲ ಹಾಕಿರ್ತಾರಲ್ಲ ಅದೇನು? ಸೀಡ್‌ಗಳನ್ನ ಎಲ್ಲಿ ಕೂರಿಸ್ಬೇಕು ಅಂತ ಯಾರು ಹೇಳ್ತಾರೆ? ಇನ್ನೊಂದು, ಸಿಂಗಲ್ಸ್ ಆಡ್ಕೊಂಡು ಜೀವನ ಮಾಡಕ್ಕಾಗತ್ತಾ, ಇಲ್ಲಾ ತೋಟದ ದುಡ್ಡೆಲ್ಲ ಸುಮ್ನೆ ಹೋಗತ್ತಾ?

ಉತ್ತರ: ಶಿಫಾರಸ್ಸು ಅಲ್ಲ ಸಾರ್, ರೂಲ್ ಬುಕ್ಕಲ್ಲೇ ಇರೋದು. ಮೆಯಿನ್ ಡ್ರಾ ಅಂದ್ರೆ ಅಸಲಿ ಟೂರ್ನಮೆಂಟಲ್ಲಿ ಯಾರ ಮೇಲೆ ಯಾರು ಅನ್ನೋ ಪಟ್ಟಿ, ಕ್ವಾಲಿಫೈಯಿಂಗ್ ಅಂದ್ರೆ ಅದರೊಳಗೆ ಸೇರಕ್ಕೆ ಮುಂಚೆ ಆಡೋ ಅರ್ಹತಾ ಸುತ್ತು. ಆ ಹುಡುಗನ ಹೆಸರಿನ ಪಕ್ಕ ಎಲ್‌ಎಲ್ ಅಂತ ಇದ್ದಿರ್ಬೇಕು ನೋಡಿ, ಅಂದ್ರೆ ಲಕ್ಕಿ ಲೂಸರ್. ಕ್ವಾಲಿಫೈಯಿಂಗ್ ಕೊನೆ ರೌಂಡಲ್ಲಿ ಸೋತಿರ್ತಾನೆ, ಆಮೇಲೆ ಮೆಯಿನ್ ಡ್ರಾದಲ್ಲಿ ಯಾರೋ ಒಬ್ರು ಮೊದಲನೇ ಮ್ಯಾಚ್ ಆಡೋಕ್ ಮುಂಚೆ ಜ್ವರ ಅಂತನೋ ಬೆನ್ನು ನೋವು ಅಂತನೋ ಹೆಸರು ವಾಪಸ್ ತಗೊಂಡ್ರೆ ಆ ಜಾಗಕ್ಕೆ ಇವನು ಹೋಗ್ತಾನೆ. ಎದುರಾಳಿಗೆ ಪುಕ್ಕಟೆ ಗೆಲುವು ಕೊಟ್ಟು ಟಿಕೆಟ್ ತಗೊಂಡು ಬಂದೋರನ್ನ ಖಾಲಿ ಕೋರ್ಟ್ ನೋಡ್ಕೊಂಡು ಕೂರ್ಸೋ ಬದಲು ಆಡೋಕೆ ರೆಡಿ ಇರೋ ಒಬ್ಬನನ್ನ ಇಳಿಸ್ತಾರೆ, ಅಷ್ಟೇ.

ನೀವು ನೋಡಿದ್ದು ಚಾಲೆಂಜರ್ ಅಲ್ವಾ, ದೊಡ್ಡ ಟೂರ್‌ಗಿಂತ ಒಂದು ಮೆಟ್ಲು ಕೆಳಗಿನದು, ಅದ್ರಲ್ಲಿ ಈಗ ಮೆಯಿನ್ ಡ್ರಾ 32 ಜನ, ಕ್ವಾಲಿಫೈಯಿಂಗ್ 24 ಜನ. ಭಾನುವಾರ ಸೋಮವಾರ ಎರಡು ರೌಂಡ್ ಆಡಿ 6 ಜನ ಒಳಗೆ ಬರ್ತಾರೆ, ಅವರ ಹೆಸರಿನ ಪಕ್ಕ ಕ್ಯೂ. ಕೊನೆ ರೌಂಡಲ್ಲಿ ಸೋತ 6 ಜನ ಇರ್ತಾರಲ್ಲ ಅವರೇ ಲಕ್ಕಿ ಲೂಸರ್ ಆಗೋ ಕ್ಯಾಂಡಿಡೇಟ್‌ಗಳು. ಇದಕ್ಕೆ ಸುಮ್ನೆ ಮನೆಗೆ ಹೋಗಿ ಫೋನ್ ಬರತ್ತೆ ಅಂತ ಕಾಯೋ ಹಾಗಿಲ್ಲ. ರೆಫರೀ ಆಫೀಸಲ್ಲಿ ಒಂದು ಶೀಟ್ ಇಟ್ಟಿರ್ತಾರೆ, ದಿನಾ ಬೆಳಗ್ಗೆ ಟೈಮ್ ಒಳಗೆ ಬಂದು ಸೈನ್ ಹಾಕ್ಬೇಕು, ಹಾಕಿ ರ‍್ಯಾಕೆಟ್‌ಗೆ ಗ್ರಿಪ್ ಸುತ್ಕೊಂಡು ಶೂ ಬಿಚ್ದೆ ಅಲ್ಲೇ ಲೌಂಜಲ್ಲಿ ಕೂತಿರ್ಬೇಕು. ನಾನು ರೆಫರೀ ಟೇಬಲ್ ಹತ್ರ ಕೂತು ಕೆಲಸ ಮಾಡಿದೋನು, ಈ ಹುಡುಗರ ಮುಖ ನೋಡಕ್ಕಾಗಲ್ಲ ಸಾರ್. ಬೇರೆಯವರಿಗೆ ಹುಷಾರು ತಪ್ಲಿ ಅಂತ ಬಾಯಿಬಿಟ್ಟು ಹೇಳಕ್ಕಾಗಲ್ಲ, ಆದ್ರೆ ಫಿಸಿಯೋ ರೂಮ್ ಬಾಗಿಲು ತೆಗೆದಾಗೆಲ್ಲ ಕಣ್ಣು ಅಲ್ಲಿಗೇ ಹೋಗತ್ತೆ. ಸೈನ್ ಮಿಸ್ ಆಯ್ತಾ, ಲಿಸ್ಟಲ್ಲಿ ಮುಂದಿನವನಿಗೆ ಹೋಯ್ತು, ಯಾರ ಕೈಲಿ ಹೇಳಿಸಿದ್ರೂ ಬರಲ್ಲ.

ಸರಿ, ಆ ಆರು ಜನರಲ್ಲಿ ಯಾರಿಗೆ ಮೊದಲು? ರ‍್ಯಾಂಕಿಂಗ್ ಜಾಸ್ತಿ ಇರೋನಿಗೆ ಅಂತ ಅನ್ಸತ್ತೆ, ಬಹುಪಾಲು ಹಾಗೇನೇ, ಆದ್ರೆ ಅಲ್ಲೊಂದು ತೊಂದ್ರೆ ಇದೆ. ಮೇಲೆ ಒಂದು ಜಾಗ ಖಾಲಿ ಇದೆ ಅಂತ ಗೊತ್ತು, ಸೋತವರಲ್ಲಿ ನಂದೇ ದೊಡ್ಡ ರ‍್ಯಾಂಕು ಅಂತಾನೂ ಗೊತ್ತು ಅಂದ್ರೆ ಕೊನೆ ರೌಂಡಲ್ಲಿ ಮೈ ಮುರ್ಕೊಂಡು ಯಾಕೆ ಆಡ್ಬೇಕು? ಸೋತ್ರೂ ಒಳಗೇ. ಅದಕ್ಕೇ ಗ್ರಾಂಡ್ ಸ್ಲಾಮ್‌ಗಳಲ್ಲಿ ಕೊನೆ ರೌಂಡಲ್ಲಿ ಸೋತವರಲ್ಲಿ ಮೇಲಿನ ನಾಲ್ಕು ಜನರ ಹೆಸರು ಹಾಕಿ ಚೀಟಿ ಎತ್ತಿ ಸರತಿ ಫಿಕ್ಸ್ ಮಾಡ್ತಾರೆ. ಒಳ್ಳೆ ರೂಲು ಅದು.

ಇದಕ್ಕೆ ನಮ್ಮೋರದ್ದೇ ಉದಾಹರಣೆ ಇದೆ. ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್ 2020ರ ಆಸ್ಟ್ರೇಲಿಯನ್ ಓಪನ್ ಕ್ವಾಲಿಫೈಯಿಂಗ್ ಕೊನೆ ರೌಂಡಲ್ಲಿ ಎರ್ನೆಸ್ಟ್ಸ್ ಗುಲ್ಬಿಸ್ ಕೈಲಿ ಸೋತ್ರು, ಆಮೇಲೆ ಲಕ್ಕಿ ಲೂಸರ್ ಆಗಿ ಒಳಗೆ ಬಂದ್ರು. ಎದುರಿಗೆ ಸಿಕ್ಕಿದ್ದು ಜಪಾನಿನ ತಾತ್ಸುಮಾ ಇಟೊ, ಅಂಥಾ ಭಯ ಬೀಳೋ ಹೆಸರಲ್ಲ, ಅವನೂ ವೈಲ್ಡ್ ಕಾರ್ಡಲ್ಲಿ ಬಂದೋನು, ಗೆದ್ರೆ ಎರಡನೇ ರೌಂಡಲ್ಲಿ ಜೊಕೊವಿಚ್! ಆದ್ರೆ ಗೆಲ್ಲಕ್ಕಾಗ್ಲಿಲ್ಲ. ಬೇಜಾರೇ, ಆದ್ರೂ ಮೊದಲನೇ ರೌಂಡ್ ಸೋತವರಿಗೆ ಆ ವರ್ಷ 90,000 ಆಸ್ಟ್ರೇಲಿಯನ್ ಡಾಲರ್ ಇತ್ತು. ಲಕ್ಕಿ ಲೂಸರ್ ಆಗಿ ಬಂದು ಕಪ್ಪೇ ಎತ್ಕೊಂಡು ಹೋದೋರೂ ಇದ್ದಾರೆ, 2019ರಲ್ಲಿ ಲಿಂಟ್ಜ್‌ನಲ್ಲಿ ಕೋಕೋ ಗಾಫ್ ಗೆದ್ದಿದ್ದು ಹಾಗೇನೇ, ಆಗ ಆ ಹುಡುಗಿಗೆ ಹದಿನೈದು ವರ್ಷ, ಮೊದಲನೇ ಡಬ್ಲ್ಯೂಟಿಎ (ಹೆಂಗಸರ ಟೂರ್) ಟೈಟಲ್ ಅದು.

ಒಂದು ವಿಷಯ ನೆನಪಿಟ್ಕೊಳಿ, ಲಕ್ಕಿ ಲೂಸರ್ ಹಾಕೋದು ಆಟಗಾರ ತನ್ನ ಮೊದಲನೇ ಮ್ಯಾಚ್ ಶುರು ಮಾಡೋ ಮುಂಚೆ ಬಿಟ್ರೆ ಮಾತ್ರ. ಒಂದು ರೌಂಡ್ ಗೆದ್ದು ಎರಡನೇ ರೌಂಡ್‌ಗೆ ಬರಲ್ಲ ಅಂದ್ರೆ ಅದು ವಾಕೋವರ್, ಮ್ಯಾಚ್ ಮಧ್ಯೆ ಬಿಟ್ರೆ ರಿಟೈರ್ಡ್, ಎರಡರಲ್ಲೂ ಎದುರಾಳಿ ಮುಂದೆ ಹೋಗ್ತಾನೆ. ದೊಡ್ಡ ಸೀಡ್‌ಗೆ (ಸೀಡ್ ಅಂದ್ರೆ ರ‍್ಯಾಂಕಿಂಗ್ ನೋಡಿ, ಒಬ್ರಿಗೊಬ್ರು ಬೇಗ ಸಿಗ್ದಂಗೆ ಡ್ರಾದಲ್ಲಿ ದೂರ ದೂರ ಕೂರ್ಸೋ ಮೇಲಿನ ಆಟಗಾರ) ಮೊದಲನೇ ರೌಂಡ್ ಬೈ, ಅಂದ್ರೆ ಆಡ್ದೇನೇ ಎರಡನೇ ರೌಂಡ್‌ಗೆ ಹೋಗೋ ಅವಕಾಶ ಇದ್ದು ಅವನು ಆಡೋ ಮುಂಚೆನೇ ಹೊರಟ್ರೆ ಮಾತ್ರ ಮಜಾ, ಲಕ್ಕಿ ಲೂಸರ್ ಸೀದಾ ಎರಡನೇ ರೌಂಡಲ್ಲಿ ಹೋಗಿ ಕೂರ್ತಾನೆ.

ಈಗ ಸೀಡ್ ವಿಷಯ. ನಿಮ್ಮ ಪ್ರಶ್ನೆಲಿ ಇರೋ ಹಾಗೆ ಯಾರೋ ಕೂತ್ಕೊಂಡು ಇವನನ್ನ ಇಲ್ಲಿ ಹಾಕು ಅವನನ್ನ ಅಲ್ಲಿ ಹಾಕು ಅಂತ ಮಾಡಲ್ಲ. ಮೊದಲು ಎಂಟ್ರಿ ಲಿಸ್ಟ್ ಅಂತ ಒಂದು ಬರತ್ತೆ, ಗ್ರಾಂಡ್ ಸ್ಲಾಮ್‌ಗೆ ಆರು ವಾರ ಮುಂಚಿನ ರ‍್ಯಾಂಕಿಂಗ್, ಚಾಲೆಂಜರ್‌ಗೆ ಸುಮಾರು ಮೂರು ವಾರ. ಆ ದಿನ ನಿಮ್ಮ ನಂಬರ್ ಎಷ್ಟಿದೆಯೋ ಅದೇ ಲೆಕ್ಕ, ಆಮೇಲೆ ಟೂರ್ನಮೆಂಟ್ ಗೆದ್ದು ನಲವತ್ತು ಸ್ಥಾನ ಮೇಲೆ ಹೋದ್ರೂ ಆ ಲಿಸ್ಟಲ್ಲಿ ಜಾಗ ಬದಲಾಗಲ್ಲ. ಯಾರ ನಂಬರ್ ವರೆಗೂ ಸೀದಾ ಎಂಟ್ರಿ ಸಿಗತ್ತೋ ಅದಕ್ಕೆ ಕಟ್ ಆಫ್ ಅಂತೀವಿ. ಕಟ್ ಆಫ್ ಕೆಳಗಿರೋರು ಆಲ್ಟರ್ನೇಟ್‌ಗಳು, ರೈಲಲ್ಲಿ ವೈಟಿಂಗ್ ಲಿಸ್ಟ್ ಇರತ್ತಲ್ಲ ಹಾಗೆ, ಮೇಲಿನವರು ಒಬ್ಬೊಬ್ಬರೇ ಕ್ಯಾನ್ಸಲ್ ಮಾಡ್ತಾ ಹೋದಂಗೆ ಇವರು ಮೇಲೆ ಬರ್ತಾರೆ. ಆದ್ರೆ ಸೀಡಿಂಗ್‌ಗೆ ಟೂರ್ನಮೆಂಟ್ ಹತ್ರದ ಹೊಸ ರ‍್ಯಾಂಕಿಂಗ್ ತಗೋತಾರೆ, ಹಾಗಾಗಿ ಒಬ್ಬನೇ ಆಟಗಾರ ಹಳೇ ನಂಬರಲ್ಲಿ ಒಳಗೆ ಬಂದು ಹೊಸ ನಂಬರಲ್ಲಿ ಸೀಡ್ ಆಗಿರೋದು ಇರತ್ತೆ. ಇದು ಗೊತ್ತಿಲ್ದೆ ಎಷ್ಟೋ ಜನ ತಲೆ ಕೆಡಿಸ್ಕೋತಾರೆ.

32ರ ಡ್ರಾದಲ್ಲಿ 8 ಸೀಡ್. ಡ್ರಾ ಶೀಟಲ್ಲಿ 1ರಿಂದ 32ರ ತನಕ ಲೈನ್ ನಂಬರ್ ಇರತ್ತೆ, ಮಗನ ಕೈಲಿ ಒಂದು ಪೇಪರಲ್ಲಿ ಬರ್ಸಿ ನೋಡಿ. ಒಂದನೇ ಸೀಡ್ ಒಂದನೇ ಲೈನಲ್ಲಿ, ಎರಡನೇ ಸೀಡ್ 32ನೇ ಲೈನಲ್ಲಿ, ಇವೆರಡು ಫಿಕ್ಸ್. ಮೂರು ನಾಲ್ಕನೇ ಸೀಡ್‌ಗಳಿಗೆ 9 ಮತ್ತೆ 24ನೇ ಲೈನು, ಯಾರು ಎಲ್ಲಿ ಅನ್ನೋದು ಚೀಟಿ. ಐದರಿಂದ ಎಂಟನೇ ಸೀಡ್‌ಗಳಿಗೆ 8, 16, 17, 25, ಅದೂ ಚೀಟಿ. ಚಿಕ್ಕ ಟೂರ್ನಮೆಂಟಲ್ಲಿ ನಂಬರ್ ಬರೆದ ಬಿಲ್ಲೆಗಳನ್ನ ಡಬ್ಬಿಲಿ ಹಾಕಿ, ಅಲ್ಲೇ ಇರೋ ಯಾರಾದ್ರೂ ಆಟಗಾರನ ಕೈಲೇ ಎತ್ತಿಸ್ತೀವಿ, ಆಮೇಲೆ ತಕರಾರು ಬರ್ಬಾರ್ದು ನೋಡಿ. ಸೀಡ್‌ಗಳೆಲ್ಲ ಕೂತ್ಮೇಲೆ ಮಿಕ್ಕಿದವರನ್ನ ಒಂದೊಂದೇ ಬಿಲ್ಲೆ ಎತ್ತಿ ಮೇಲಿಂದ ಕೆಳಗೆ ತುಂಬ್ಕೊಂಡು ಬರ್ತೀವಿ. ಕ್ವಾಲಿಫೈಯಿಂಗ್ ಇನ್ನೂ ಮುಗ್ದಿರಲ್ಲ, ಅದಕ್ಕೇ ಆ ಆರು ಜಾಗದಲ್ಲಿ ಬರೀ ಕ್ವಾಲಿಫೈಯರ್ ಅಂತ ಬರೆದು ಬಿಟ್ಟಿರ್ತೀವಿ, ಆರು ಜನ ಗೆದ್ಮೇಲೆ ಅವರಿಗೆ ಇನ್ನೊಂದು ಸಲ ಬಿಲ್ಲೆ.

ಇದರ ಪರಿಣಾಮ ಏನಪ್ಪಾ ಅಂದ್ರೆ ಒಂದು ಎರಡನೇ ಸೀಡ್ ಫೈನಲ್‌ಗಿಂತ ಮುಂಚೆ ಎದುರಾಗಲ್ಲ, ಮೊದಲ ನಾಲ್ಕು ಜನ ಸೆಮಿಫೈನಲ್‌ಗಿಂತ ಮುಂಚೆ ಎದುರಾಗಲ್ಲ. ಸೀಡ್ ಇಲ್ದೋನಿಗೆ ಆ ರಕ್ಷಣೆ ಇಲ್ಲ, 40ನೇ ರ‍್ಯಾಂಕ್ ಇರೋನಿಗೂ ಗ್ರಾಂಡ್ ಸ್ಲಾಮ್ ಮೊದಲನೇ ರೌಂಡಲ್ಲೇ ವಿಶ್ವದ ನಂಬರ್ ಒನ್ ಬೀಳ್ಬಹುದು. ಗ್ರಾಂಡ್ ಸ್ಲಾಮಲ್ಲಿ 128 ಜನ, 2001ರ ವಿಂಬಲ್ಡನ್‌ವರೆಗೂ 16 ಸೀಡ್ ಇತ್ತು, ಅಲ್ಲಿಂದ 32 ಆಯ್ತು. ವಿಂಬಲ್ಡನ್ ಅಂತೂ ಗಂಡಸರ ಸಿಂಗಲ್ಸಲ್ಲಿ ಹುಲ್ಲಿನ ಮೇಲಿನ ರಿಸಲ್ಟ್‌ಗೆ ಬೇರೆ ಲೆಕ್ಕ ಹಾಕಿ ಸೀಡ್ ಮಾಡ್ತಿತ್ತು, 2021ರಿಂದ ಅದನ್ನೂ ಬಿಟ್ಟು ಬರೀ ರ‍್ಯಾಂಕಿಂಗ್.

ಸೀಡ್ ಒಬ್ಬ ಡ್ರಾ ಆದ್ಮೇಲೆ ಹೊರಟ್ರೆ? ಇಲ್ಲಿ ಟೈಮಿಂಗೇ ಎಲ್ಲಾ. ಮೊದಲನೇ ದಿನದ ಆರ್ಡರ್ ಆಫ್ ಪ್ಲೇ (ಯಾರ ಮ್ಯಾಚ್ ಯಾವ ಕೋರ್ಟಲ್ಲಿ ಯಾವಾಗ ಅನ್ನೋ ಪಟ್ಟಿ) ಹೊರಗೆ ಬಂದ್ಮೇಲೆ ಬಿಟ್ರೆ ಆ ಲೈನಲ್ಲಿ ಲಕ್ಕಿ ಲೂಸರ್ ಕೂರ್ತಾನೆ, ಕಥೆ ಮುಗೀತು. ಮುಂಚೆನೇ ಬಿಟ್ರೆ ಕುರ್ಚಿ ಬದಲಾವಣೆ ಶುರು. 2017ರ ಯುಎಸ್ ಓಪನಲ್ಲಿ ಎರಡನೇ ಸೀಡ್ ಆಂಡಿ ಮರ‍್ರೆ ಡ್ರಾ ಆದ್ಮೇಲೆ ಆದ್ರೆ ಆರ್ಡರ್ ಆಫ್ ಪ್ಲೇಗೆ ಮುಂಚೆ ಸೊಂಟದ ನೋವಿಂದ ಹೊರಗೆ ಹೋದ್ರು. ಆಗ ಐದನೇ ಸೀಡ್ ಮಾರಿನ್ ಚಿಲಿಚ್ ಮರ‍್ರೆ ಜಾಗಕ್ಕೆ, ಚಿಲಿಚ್ ಜಾಗಕ್ಕೆ 17ನೇ ಸೀಡ್ ಸ್ಯಾಮ್ ಕ್ವೆರಿ, ಕ್ವೆರಿ ಜಾಗಕ್ಕೆ ಸೀಡೇ ಇಲ್ದಿದ್ದ ಫಿಲಿಪ್ ಕೋಲ್‌ಶ್ರೈಬರ್ 33ನೇ ಸೀಡ್ ಆಗಿ, ಕೋಲ್‌ಶ್ರೈಬರ್ ಬಿಟ್ಟ ಜಾಗಕ್ಕೆ ಲಕ್ಕಿ ಲೂಸರ್ ಲುಕಾಶ್ ಲಾಟ್ಸ್‌ಕೊ. ಒಬ್ಬ ಎದ್ದಿದ್ದಕ್ಕೆ ನಾಲ್ಕು ಜನರ ದಾರಿ ಬದಲಾಯ್ತು. ಆದ್ರೆ ನಡಾಲ್ ಫೆಡರರ್ ಇಬ್ರೂ ಡ್ರಾದ ಒಂದೇ ಅರ್ಧದಲ್ಲಿ ಹಾಗೇ ಉಳ್ಕೊಂಡ್ರು, ಇನ್ನೊಂದು ಅರ್ಧ ಬಟಾಬಯಲು, ಎರಡು ದಿನ ಮುಂಚೆ ಹೇಳಿದ್ರೆ ಡ್ರಾನೇ ಬೇರೆ ಆಗ್ತಿತ್ತು ಅಂತ ಜನ ಬೈಕೊಂಡಿದ್ದೇ ಬೈಕೊಂಡಿದ್ದು. ನಂಗೂ ಆ ಬೈಗುಳದಲ್ಲಿ ತಪ್ಪೇನೂ ಕಾಣಲ್ಲ.

ಡಬ್ಲ್ಯೂಸಿ ಅಂದ್ರೆ ವೈಲ್ಡ್ ಕಾರ್ಡ್. ನೀವು ಶಿಫಾರಸ್ಸು ಅಂತ ಅನುಮಾನ ಪಡೋದಾದ್ರೆ ಇದರ ಮೇಲೆ ಪಡಿ, ಯಾಕಂದ್ರೆ ಇದು ಟೂರ್ನಮೆಂಟ್ ನಡೆಸೋರ ಇಷ್ಟ. ರ‍್ಯಾಂಕಿಂಗ್ ಸಾಲ್ದೇ ಇದ್ರೂ ಊರಿನ ಹುಡುಗ, ಮುಂದೆ ಬರೋ ಜೂನಿಯರ್, ಗಾಯದಿಂದ ವಾಪಸ್ ಬರ್ತಿರೋ ಹಳೇ ದೊಡ್ಡ ಹೆಸರು, ಹೀಗೆ ಯಾರಿಗಾದ್ರೂ ಕೊಡ್ಬಹುದು. ಗ್ರಾಂಡ್ ಸ್ಲಾಮ್ ಗಂಡಸರ ಡ್ರಾದಲ್ಲಿ 104 ಜನ ಸೀದಾ, 16 ಕ್ವಾಲಿಫೈಯರ್, 8 ವೈಲ್ಡ್ ಕಾರ್ಡ್. ದುಡ್ಡಿರೋ ದೇಶಗಳಿಗೆ ಮನೆಲೇ ಗ್ರಾಂಡ್ ಸ್ಲಾಮ್ ಇದೆ, ಅವರ ಹುಡುಗರಿಗೆ ವರ್ಷಾ ವರ್ಷಾ ಆ ಕಾರ್ಡ್ ಸಿಗತ್ತೆ, ನಮ್ಮ ಹುಡುಗರಿಗೆ ಇಲ್ಲ, ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹಾಗಂತ ವೈಲ್ಡ್ ಕಾರ್ಡ್ ಅಂದ್ರೆ ಪುಕ್ಕಟೆ ಅಂತ ಮೂಗು ಮುರೀಬೇಡಿ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಲಿಯಾಂಡರ್ ಪೇಸ್ ಹೋಗಿದ್ದು ವೈಲ್ಡ್ ಕಾರ್ಡಲ್ಲೇ, ಸೆಮಿಫೈನಲಲ್ಲಿ ಅಗಾಸಿ ಕೈಲಿ ಸೋತು, ಫರ್ನಾಂಡೊ ಮೆಲಿಜೆನಿನ ಸೋಲ್ಸಿ ಕಂಚು ತಂದ್ರು. 2001ರಲ್ಲಿ ಗೋರಾನ್ ಇವಾನಿಸೆವಿಚ್ 125ನೇ ರ‍್ಯಾಂಕಲ್ಲಿ ವೈಲ್ಡ್ ಕಾರ್ಡ್ ಇಸ್ಕೊಂಡು ವಿಂಬಲ್ಡನ್ನೇ ಗೆದ್ರು.

ಪಿಆರ್ ಬೇಗ ಹೇಳಿ ಮುಗಿಸ್ತೀನಿ. ಪ್ರೊಟೆಕ್ಟೆಡ್ ರ‍್ಯಾಂಕಿಂಗ್, ಗಾಯ ಆಗಿ ಆರು ತಿಂಗಳಿಗಿಂತ ಜಾಸ್ತಿ ಆಡ್ದೇ ಇದ್ದೋರು ವಾಪಸ್ ಬಂದಾಗ ಹಳೇ ರ‍್ಯಾಂಕಿಂಗ್ ಲೆಕ್ಕದಲ್ಲಿ ಕೆಲವು ಟೂರ್ನಮೆಂಟ್‌ಗೆ ಎಂಟ್ರಿ ತಗೋಬಹುದು, ಆದ್ರೆ ಅದ್ರಿಂದ ಸೀಡ್ ಸಿಗಲ್ಲ. ಎಸ್‌ಇ ಅಂತ ಒಂದು ಅಪರೂಪಕ್ಕೆ ಕಾಣ್ಸತ್ತೆ, ಹಿಂದಿನ ವಾರ ಇನ್ನೊಂದು ಕಡೆ ಸೆಮಿಫೈನಲೋ ಫೈನಲೋ ಆಡ್ತಾ ಇದ್ದು ಇಲ್ಲಿ ಕ್ವಾಲಿಫೈಯಿಂಗ್‌ಗೆ ಬರಕ್ಕಾಗ್ದೇ ಇರೋನಿಗೆ ಕೊಡೋ ಜಾಗ ಅದು.

ಇನ್ನು ಕ್ಯೂ. ಡ್ರಾ ಶೀಟ್ ಕೈಗೆ ಸಿಕ್ರೆ ಎಲ್ರೂ ಮೊದಲು ಒಂದನೇ ಸೀಡ್ ಯಾರು ಅಂತ ನೋಡ್ತಾರೆ, ನಾನು ಮೊದಲು ಕ್ಯೂ ಇರೋ ಹೆಸರುಗಳನ್ನ ಹುಡುಕ್ತೀನಿ. ಯಾಕಂದ್ರೆ ಅವನು ಆಗ್ಲೇ ಅದೇ ಕೋರ್ಟಲ್ಲಿ ಅದೇ ಬಾಲಲ್ಲಿ ಎರಡು ಮೂರು ಮ್ಯಾಚ್ ಗೆದ್ದಿರ್ತಾನೆ, ಸೀಡ್ ಆದವನು ನಿನ್ನೆ ತಾನೇ ವಿಮಾನ ಇಳಿದು ಬಂದಿರ್ತಾನೆ. 2021ರ ಯುಎಸ್ ಓಪನ್ ನೆನಪಿರ್ಬೇಕಲ್ಲ, 150ನೇ ರ‍್ಯಾಂಕಿನ ಎಮ್ಮಾ ರಾಡುಕಾನು ಕ್ವಾಲಿಫೈಯಿಂಗಿಂದ ಶುರು ಮಾಡಿ ಹತ್ತು ಮ್ಯಾಚ್, ಒಂದು ಸೆಟ್ಟೂ ಬಿಡ್ದೆ ಕಪ್ ತಗೊಂಡ್ಳು. ನಮ್ಮ ಸುಮಿತ್ ನಾಗಲ್ 2024ರ ಆಸ್ಟ್ರೇಲಿಯನ್ ಓಪನಲ್ಲಿ ಮೂರು ಕ್ವಾಲಿಫೈಯಿಂಗ್ ಮ್ಯಾಚ್ ಗೆದ್ದು ಬಂದು 31ನೇ ಸೀಡ್ ಬುಬ್ಲಿಕ್‌ನ 6-4, 6-2, 7-6 ಅಂತ ಮೂರೇ ಸೆಟ್ಟಲ್ಲಿ ಮನೆಗೆ ಕಳ್ಸಿದ್ರು. ಗ್ರಾಂಡ್ ಸ್ಲಾಮ್ ಸಿಂಗಲ್ಸಲ್ಲಿ ನಮ್ಮ ಗಂಡಸರು ಒಬ್ಬ ಸೀಡನ್ನ ಸೋಲ್ಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅದೇ ಮೆಲ್ಬರ್ನಲ್ಲಿ ಆಗಿನ ನಂಬರ್ ಒನ್ ವಿಲಾಂಡರ್‌ನ ಹೊಡೆದ ಮೇಲೆ ಅದೇ ಮೊದಲು, ನಡುವೆ ಮೂವತ್ತೈದು ವರ್ಷ! ಆ ನಾಗಲ್ 2017ರಲ್ಲಿ ಗೆದ್ದಿದ್ದು ನೀವು ಹೋಗಿದ್ರಲ್ಲ ಅದೇ ಬೆಂಗಳೂರು ಓಪನ್, ಮುಂದಿನ ವರ್ಷ ಅಲ್ಲೇ ಪ್ರಜ್ಞೇಶ್ ಗೆದ್ರು, ಮಗನಿಗೆ ಹೇಳಿ.

ದುಡ್ಡಿನ ವಿಷಯಕ್ಕೆ ಬರೋಣ, ನೀವು ಕೊನೆಗೆ ಕೇಳಿದ್ರೂ ಮೊದಲು ಕೇಳ್ಬೇಕಾಗಿದ್ದು ಅದೇ. ಇದೇ ನಾಗಲ್ 2023ರಲ್ಲಿ ದೇಶದ ನಂಬರ್ ಒನ್ ಸಿಂಗಲ್ಸ್ ಆಟಗಾರ ಆಗಿದ್ದಾಗ ಬ್ಯಾಂಕಲ್ಲಿ 900 ಯೂರೋ ಇದೆ ಅಂತ ಬಾಯಿಬಿಟ್ಟು ಹೇಳ್ಕೊಂಡಿದ್ರು. ಕೋಚು, ವಿಮಾನ, ಹೋಟೆಲು, ಫಿಸಿಯೋ ಎಲ್ಲ ಸ್ವಂತ ಖರ್ಚು, ಕ್ರಿಕೆಟ್ ತರ ಬೋರ್ಡ್ ಕೊಡಲ್ಲ. ನಾಲ್ಕು ತಿಂಗಳಾದ್ಮೇಲೆ ಮೆಲ್ಬರ್ನಲ್ಲಿ ಎರಡನೇ ರೌಂಡ್ ತಲುಪಿದ್ದಕ್ಕೆ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಹತ್ರ. ಅದೇ ಕೆಳಗಿನ ಮೆಟ್ಲು ನೋಡಿ, ಐಟಿಎಫ್‌ನ (ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್) ಎಂ15 ಟೂರ್ನಮೆಂಟ್ ಅಂದ್ರೆ ಇಡೀ ಟೂರ್ನಮೆಂಟ್ ಪ್ರೈಜ್ ಮನಿನೇ 15,000 ಡಾಲರ್, ಸಿಂಗಲ್ಸ್ ಗೆದ್ದೋನಿಗೆ ಎರಡು ಸಾವಿರ ಚಿಲ್ರೆ ಡಾಲರು ಮತ್ತೆ 15 ರ‍್ಯಾಂಕಿಂಗ್ ಪಾಯಿಂಟು, ಮೊದಲನೇ ರೌಂಡ್ ಗೆದ್ದು ಎರಡನೇದ್ರಲ್ಲಿ ಸೋತೋನಿಗೆ ಒಂದೇ ಒಂದು ಪಾಯಿಂಟು. ಗ್ರಾಂಡ್ ಸ್ಲಾಮ್ ಗೆದ್ರೆ 2000 ಪಾಯಿಂಟು. ಆ ಪಾಯಿಂಟೂ ಕೂಡಿಟ್ಕೊಳೋಕೆ ಆಗಲ್ಲ, 52 ವಾರ ಆದ್ಮೇಲೆ ಉದುರಿ ಹೋಗತ್ತೆ, ಮತ್ತೆ ಅಷ್ಟೇ ಗಳಿಸ್ಬೇಕು.

ಅದಕ್ಕೇ ಎಲ್ಲರೂ ಟಾಪ್ 100, ಟಾಪ್ 100 ಅಂತ ಬಡ್ಕೊಳೋದು, ಅದು ಬರೀ ಗೌರವದ ಮಾತಲ್ಲ. 104 ಜನಕ್ಕೆ ಸೀದಾ ಎಂಟ್ರಿ ಅಂತ ಹೇಳಿದ್ನಲ್ಲ, ನೂರರ ಒಳಗಿದ್ರೆ ವರ್ಷಕ್ಕೆ ನಾಲ್ಕು ಗ್ರಾಂಡ್ ಸ್ಲಾಮಲ್ಲಿ ಮೊದಲನೇ ರೌಂಡ್ ಸೋತ್ರೂ ವರ್ಷದ ಖರ್ಚು ಹುಟ್ಟತ್ತೆ. 2024ರಿಂದ ಗಂಡಸರ ಟೂರ್ ನಡೆಸೋ ಎಟಿಪಿಯವರು ಬೇಸ್‌ಲೈನ್ ಅಂತ ಒಂದು ಸ್ಕೀಮ್ ಶುರು ಮಾಡಿದ್ರು, ಶುರುವಲ್ಲಿ ಟಾಪ್ 100 ಒಳಗಿನವರಿಗೆ ವರ್ಷಕ್ಕೆ ಕನಿಷ್ಠ 3 ಲಕ್ಷ ಡಾಲರ್, 175ರ ತನಕ ಒಂದೂವರೆ ಲಕ್ಷ, 250ರ ತನಕ 75 ಸಾವಿರ, ಗಳಿಕೆ ಅದಕ್ಕಿಂತ ಕಮ್ಮಿ ಆದ್ರೆ ವ್ಯತ್ಯಾಸ ತುಂಬಿ ಕೊಡ್ತೀವಿ ಅಂತ. ಒಳ್ಳೇದೇ, ಆದ್ರೆ 250ರ ಆಚೆ ಸಾವಿರಾರು ಜನ ಆಡ್ತಿದ್ದಾರೆ, ಅವರಿಗೆ ಮನೆಯವರೇ ಬೇಸ್‌ಲೈನು. ಡಬಲ್ಸ್ ಬೇರೆ ದಾರಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸ್ ನಂಬರ್ ಒನ್ನೂ ಆದ್ರು, ಆದ್ರೆ ಹನ್ನೆರಡು ವರ್ಷದ ಹುಡುಗನ್ನ ಡಬಲ್ಸ್‌ಗೆ ಅಂತ ತಯಾರು ಮಾಡಕ್ಕೆ ಹೋಗ್ಬೇಡಿ, ಈ ವಯಸ್ಸಲ್ಲಿ ಸಿಂಗಲ್ಸ್ ಆಡಿದ್ರೇನೇ ಕಾಲು, ತಲೆ ಎರಡೂ ಬೆಳೆಯೋದು.

ಹಾಗಾಗಿ ತೋಟ ಮಾರಿ ಅಂತ ಯಾರಾದ್ರೂ ಹೇಳಿದ್ರೆ ಬಾಗಿಲಿಂದಾನೇ ಕಳ್ಸಿ. ಪ್ರೊಫೆಶನಲ್ ಐಟಿಎಫ್ ಟೂರ್ನಮೆಂಟ್ ಆಡಕ್ಕೆ 14 ವರ್ಷ ಆಗಿರ್ಬೇಕು, ಐಟಿಎಫ್ ಜೂನಿಯರ್‌ಗೆ 13. ಅಲ್ಲಿ ತನಕ ಎಐಟಿಎ (ಅಖಿಲ ಭಾರತ ಟೆನಿಸ್ ಸಂಘ) ರಿಜಿಸ್ಟ್ರೇಶನ್ ಮಾಡ್ಸಿ ಅಂಡರ್ 14 ಆಡಿಸಿ, ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್ ಅಂತ ಇರತ್ತೆ, ಬೆಂಗಳೂರಲ್ಲಿ ಆದ್ರೆ ಅತ್ತಿಬೆಲೆ ದಾಟಿ ಬೆಳಗ್ಗೆ ಹೋಗಿ ಸಂಜೆ ಬರ್ಬಹುದು, ಹೋಟೆಲ್ ಖರ್ಚೂ ಇಲ್ಲ, ಹೊಸೂರಲ್ಲಿ ಇರೋ ನಮ್ಗೆ ಇದೊಂದು ಅನುಕೂಲ. ಮುಂದಿನ ಸಲ ಬೆಂಗಳೂರು ಓಪನ್‌ಗೆ ಹೋಗೋದಾದ್ರೆ ಫೈನಲ್‌ಗೆ ಕಾಯ್ದೆ ಭಾನುವಾರ ಸೋಮವಾರದ ಕ್ವಾಲಿಫೈಯಿಂಗ್‌ಗೇ ಕರ್ಕೊಂಡು ಹೋಗಿ, ಜನ ಕಮ್ಮಿ, ಹಿಂದಿನ ಕೋರ್ಟ್‌ಗಳಲ್ಲಿ ತಂತಿ ಬೇಲಿ ಪಕ್ಕನೇ ನಿಂತು ಕಾಲು ಹೆಂಗೆ ಇಡ್ತಾರೆ ಅಂತ ನೋಡ್ಬಹುದು.

ಇನ್ನು ಒಂದು ಕೆಲಸದ ಮಾತು. ಜೂನಿಯರ್ ಟೂರ್ನಮೆಂಟಲ್ಲೂ ಡ್ರಾ, ಸೀಡು, ಕ್ವಾಲಿಫೈಯಿಂಗ್ ಎಲ್ಲಾ ಇದೇ ತರ. ಪ್ರತಿ ಟೂರ್ನಮೆಂಟ್‌ಗೂ ಫ್ಯಾಕ್ಟ್ ಶೀಟ್ ಅಂತ ಹಾಕಿರ್ತಾರೆ, ಎಂಟ್ರಿ ಕೊನೆ ದಿನ, ವಿತ್‌ಡ್ರಾ ಕೊನೆ ದಿನ, ಸೈನ್ ಇನ್ ಟೈಮ್ ಮೂರೂ ಅದ್ರಲ್ಲಿ ಇರತ್ತೆ, ಮೊದಲು ಅದನ್ನ ಓದಿ. ಸಿಲ್ಕ್ ಬೋರ್ಡಲ್ಲಿ ಟ್ರಾಫಿಕ್ ಇತ್ತು ಅಂದ್ರೆ ಯಾವ ರೆಫರೀನೂ ಕೇಳಲ್ಲ, ಸೈನ್ ಇನ್ ಹತ್ತು ಗಂಟೆಗೆ ಅಂದ್ರೆ ಬಾಗಲೂರಿಂದ ಆರಕ್ಕೇ ಹೊರಡಿ.